ಹ್ಯಾಂಡಲ್ ಟೇಪಿನ ಚುಂಗು ಬಿಚ್ಚದ ಹಾಗೆ ಕಟ್ಟುವುದು: ಕಲಬುರಗಿ ಬಿಸಿಲಿಗೆ ತಕ್ಕ ವಿಧಾನ

ಕಳೆದ ಬೇಸಿಗೆಯ ಮಾತು. ಬೆಳಿಗ್ಗೆ ಐದೂವರೆಗೆ ಸೈಕಲ್ ಹತ್ತಿ ಮನೆ ಬಿಟ್ಟು ಸೇಡಂ ರಸ್ತೆ ಹಿಡಿದಿದ್ದೆ. ಮಳಖೇಡದ ಕೋಟೆ ನೋಡಿ, ಕಾಗಿಣಾ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂತು, ಬಿಸಿಲೇರುವ ಮೊದಲು ಕಲಬುರಗಿಗೆ ವಾಪಸ್ ಬರುವ ಲೆಕ್ಕ. ಹೋಗುವುದು ಸುಮಾರು 40 ಕಿಲೋಮೀಟರ್, ಆರಾಮಾಗಿ ಹೋದೆ. ಬರುವಾಗ ತಡವಾಯಿತು. ಹತ್ತೂವರೆ ಹೊತ್ತಿಗೆ ಬಲಗೈಗೆ ಏನೋ ಅಂಟಂಟು. ನೋಡಿದರೆ ಹಿಡಿತಕ್ಕೆಂದು ಹ್ಯಾಂಡಲ್ಲಿಗೆ ಸುತ್ತುವ ಮೆತ್ತನೆಯ ಪಟ್ಟಿಯ, ಅಂದರೆ ಹ್ಯಾಂಡಲ್ ಟೇಪಿನ ಕೊನೆಗೆ ಸುತ್ತಿದ್ದ ಕರಿ ಇನ್ಸುಲೇಷನ್ ಟೇಪು ಜಾರಿ ಸ್ಟೆಮ್ (ಹ್ಯಾಂಡಲ್ಲನ್ನು ನಡುವೆ ಹಿಡಿದಿಡುವ ತುಂಡು) ಪಕ್ಕ ಹೋಗಿ ಕೂತಿದೆ. ಒಳಗಿನ ಗೋಂದು ಕರಗಿ ಜೋನಿಬೆಲ್ಲದ ಹಾಗೆ ಇಳಿಯುತ್ತಿದೆ. ಹ್ಯಾಂಡಲ್ ಟೇಪು ಎರಡು ಸುತ್ತು ಬಿಚ್ಚಿಕೊಂಡು ಗಾಳಿಗೆ ಪಟಪಟ ಬಡಿಯುತ್ತಿದೆ.

ರಸ್ತೆ ಬದಿಯ ಚಹಾ ಅಂಗಡಿ ಮುಂದೆ ನಿಲ್ಲಿಸಿದೆ. ಅಂಗಡಿಯ ಕಾಕಾ ನಕ್ಕರು. "ಏನ್ರೀ ಸರ, ಸೈಕಲ್ಲಿಗಿ ಹೆರಳ ಬಿಟ್ಟೀರಲ್ಲ!" ಆಮೇಲೆ ಗೋಣಿಚೀಲ ಹೊಲಿಯುವ ಸುತಳಿ ತಂದು, ಬಿಗಿಯಾಗಿ ಎಂಟು ಸುತ್ತು ಸುತ್ತಿ ಗಂಟು ಹಾಕಿದರು. "ಗೋಂದಿಗಿ ಈ ಬಿಸಲ ತಡಿಯಂಗಿಲ್ಲ ಸರ. ದಾರ ಕಟ್ರಿ."

ಆ ಸುತಳಿ ನೋಡಲು ಚೆಂದ ಇರಲಿಲ್ಲ. ಆದರೆ ಒಂದು ತಿಂಗಳು ಅಲ್ಲಾಡಲಿಲ್ಲ. ಅಂಗಡಿಯಿಂದ ತಂದ ಟೇಪಿನ ಡಬ್ಬಿಯಲ್ಲಿದ್ದ, ಕೊನೆಗೆ ಅಂಟಿಸುವ ಹೊಳೆಯುವ ಸ್ಟಿಕರು ಒಂದು ವಾರ ಬಾಳಿರಲಿಲ್ಲ. ಅಂದಿನಿಂದ ನಾನು ಟೇಪಿನ ಕೊನೆ ಕಟ್ಟುವ ರೀತಿಯನ್ನೇ ಬದಲಾಯಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ರುಮಾಲು ಸುತ್ತುವ ಹಿರಿಯರನ್ನು ನೋಡಿದ್ದೀರಲ್ಲ? ಎಷ್ಟೇ ಚೆನ್ನಾಗಿ ಸುತ್ತಿದರೂ ಕೊನೆಯ ಚುಂಗು ಸರಿಯಾಗಿ ಸಿಕ್ಕಿಸದಿದ್ದರೆ ನಾಲ್ಕು ಹೆಜ್ಜೆಗೆ ಬಿಚ್ಚುತ್ತದೆ. ಹ್ಯಾಂಡಲ್ ಟೇಪೂ ಹಾಗೇ. ಅದಕ್ಕೇ ಟೇಪಿನ ತುದಿಗೆ ನಾನು ಚುಂಗು ಅಂತಲೇ ಕರೆಯುತ್ತೇನೆ.

ಬೇಕಾಗುವ ಸಾಮಾನು

ಒಂದು ಜೊತೆ ಹ್ಯಾಂಡಲ್ ಟೇಪು. ಸಾಮಾನ್ಯವಾಗಿ ಒಂದೊಂದು ಸುರುಳಿ ಸುಮಾರು 2 ಮೀಟರ್ ಉದ್ದ, 3 ಸೆಂ.ಮೀ. ಅಗಲ, 2.5ರಿಂದ 3 ಮಿ.ಮೀ. ದಪ್ಪ ಇರುತ್ತದೆ. ಬಿಳಿ ಬಣ್ಣದ್ದು ಮಾತ್ರ ತರಬೇಡಿ. ನಮ್ಮ ಎರೆಮಣ್ಣಿನ ಧೂಳು, ಸೇಡಂ ಕಡೆಯ ಸಿಮೆಂಟ್ ಲಾರಿಗಳ ಧೂಳು ಸೇರಿದರೆ ಮೂರನೇ ದಿನಕ್ಕೆ ಅದು ಯಾವ ಬಣ್ಣ ಅಂತ ಹೇಳುವುದೇ ಕಷ್ಟ.

ಹರಿತವಾದ ಕತ್ತರಿ ಬೇಕು. ಮನೆಯ ಅಡುಗೆ ಕತ್ತರಿ ಬೇಡ, ಟೇಪನ್ನು ಜಗಿಯುತ್ತದೆ. ಬಟ್ಟೆ ಹೊಲಿಯುವವರ ಕತ್ತರಿ ಸಿಕ್ಕರೆ ತುಂಬಾ ಒಳ್ಳೆಯದು, ಆದರೆ ಕೇಳಿ ತೊಗೊಳ್ಳಿ, ಇಲ್ಲಾಂದ್ರೆ ಜಗಳ ಆಗುತ್ತದೆ. ಇನ್ನು ಎಲೆಕ್ಟ್ರಿಕಲ್ ಅಂಗಡಿಯ ಇನ್ಸುಲೇಷನ್ ಟೇಪು ಒಂದು. ಒಂದು ಮಾರ್ಕರ್ ಪೆನ್ನು, ಒಂದು ಸ್ಕೇಲು.

ಮುಖ್ಯವಾದದ್ದು ದಾರ. ಚಪ್ಪಲಿ, ಬ್ಯಾಗು ಹೊಲಿಯುವವರ ಹತ್ತಿರ ಮೇಣ ಹಚ್ಚಿದ ನೈಲಾನ್ ದಾರ ಇರುತ್ತದೆ. ಸುಮಾರು 1 ಮಿ.ಮೀ. ದಪ್ಪದ್ದು, ಒಂದೊಂದು ಬದಿಗೆ 2 ಮೀಟರಿನಂತೆ 4 ಮೀಟರ್ ಸಾಕು. ಮೇಣ ಇಲ್ಲದ ದಾರವಾದರೆ ಮೇಣದಬತ್ತಿಯ ಮೇಲೆ ಎರಡು ಮೂರು ಸಲ ಎಳೆದುಕೊಳ್ಳಿ.

ಶುರು ಮಾಡುವ ಮೊದಲು

ಹಳೆಯ ಟೇಪು ತೆಗೆಯಿರಿ. ಬ್ಲೇಡಿನಿಂದ ಕೊಯ್ಯಬೇಡಿ, ಕೈಯಲ್ಲಿ ಬಿಚ್ಚಿ. ಕಾರ್ಬನ್ ಹ್ಯಾಂಡಲ್ ಆಗಿದ್ದರೆ ಬ್ಲೇಡಿನ ಒಂದು ಗೀರು ಸಾಕು, ಮುಂದೊಂದು ದಿನ ಅಲ್ಲೇ ಮುರಿಯಬಹುದು. ಅಲ್ಯೂಮಿನಿಯಂ ಹ್ಯಾಂಡಲ್ಲಿಗೂ ಆ ಗೀರು ಒಳ್ಳೆಯದಲ್ಲ.

ಟೇಪು ತೆಗೆದ ಮೇಲೆ ಹ್ಯಾಂಡಲ್ಲನ್ನು ಸರಿಯಾಗಿ ನೋಡಿ. ಬೇಸಿಗೆಯಲ್ಲಿ ನಮ್ಮ ಬೆವರು ಟೇಪಿನೊಳಗೇ ಇಳಿಯುತ್ತದೆ. ಬೆವರಿನ ಉಪ್ಪು ಅಲ್ಯೂಮಿನಿಯಂ ತಿನ್ನುತ್ತದೆ. ಬಿಳಿ ಪುಡಿ ಕಂಡರೆ ಒರೆಸಿ ನೋಡಿ. ಕೆಳಗೆ ಗುಳಿ ಬಿದ್ದಿದ್ದರೆ, ಬಿರುಕು ಕಂಡರೆ, ಟೇಪಿನ ಕೆಲಸ ಅಲ್ಲಿಗೇ ಬಿಡಿ. ಮೊದಲು ಹೊಸ ಹ್ಯಾಂಡಲ್ ಹಾಕಿಸಿ.

ಹಳೆಯ ಗೋಂದು ಅಂಟಿದ್ದರೆ ಸೀಮೆಎಣ್ಣೆ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿ. ಆಮೇಲೆ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಎಣ್ಣೆಯ ಪಸೆ ಉಳಿದರೆ ಮುಂದಿನ ಕೆಲಸವೆಲ್ಲ ಸುಮ್ನೆ. ಕೈ ತೊಳೆಯುವ ಸ್ಯಾನಿಟೈಸರ್ ಬಳಸಬೇಡಿ. ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರುತ್ತದೆ, ಜಾರುವ ಪದರ ಉಳಿಯುತ್ತದೆ.

ಬ್ರೇಕ್ ಕೇಬಲ್ಲು, ಗೇರ್ ಕೇಬಲ್ಲು ಹ್ಯಾಂಡಲ್ಲಿಗೆ ಅಂಟಿಕೊಂಡು ಹೋಗುವಂತಿದ್ದರೆ ಅವನ್ನು ಮೂರು ಕಡೆ ಇನ್ಸುಲೇಷನ್ ಟೇಪಿನಿಂದ ಕಟ್ಟಿ. ಈ ಟೇಪು ಒಳಗೇ ಇರುತ್ತದೆ, ಮೇಲಿನ ಸುತ್ತುಗಳು ಅದನ್ನು ಅದುಮಿ ಹಿಡಿಯುತ್ತವೆ. ಹಾಗಾಗಿ ಜಾರುವ ಚಿಂತೆ ಇಲ್ಲ.

ಹೊತ್ತು ಯಾವುದು? ಬೆಳಿಗ್ಗೆ ಬೇಗ, ಇಲ್ಲವೇ ಸಂಜೆ. ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟಿದಾಗ ಟೇಪು ಮೆತ್ತಗಾಗಿ ಹೆಚ್ಚು ಹಿಗ್ಗುತ್ತದೆ, ಕೈ ಬೆವರುತ್ತದೆ, ತಲೆಯೂ ಕೆಡುತ್ತದೆ.

ಸುತ್ತುವುದು, ಬೇಗ ಬೇಗ

ಈ ಲೇಖನ ಕೊನೆಯ ಬಗ್ಗೆ. ಆದರೂ ಸುತ್ತು ಕೆಟ್ಟಿದ್ದರೆ ಕೊನೆ ನಿಲ್ಲುವುದಿಲ್ಲ, ಅದಕ್ಕೆ ನಾಲ್ಕು ಮಾತು.

ರೋಡ್ ಬೈಕಿನ, ಅಂದರೆ ರಸ್ತೆಯಲ್ಲಿ ವೇಗವಾಗಿ ಓಡಿಸುವ ಸೈಕಲ್ಲಿನ ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಬಾಗಿರುತ್ತದೆ. ಕೊಂಬಿನ ತುದಿಯಿಂದ, ಅಂದರೆ ಕೆಳಗಿನಿಂದ ಶುರು ಮಾಡಿ. ಟೇಪಿನ ಅರ್ಧ ಅಗಲ ತುದಿಯಿಂದ ಹೊರಗೆ ಉಳಿಯಲಿ. ಅದನ್ನು ಆಮೇಲೆ ಕೊಳವೆಯೊಳಗೆ ಮಡಚಿ, ಕೊಳವೆಯ ಬಾಯಿ ಮುಚ್ಚುವ ಪ್ಲಗ್ ಒತ್ತಬೇಕು. ಹಿಂದೆ ನಿಂತು ನೋಡಿದಾಗ ಬಲಗಡೆ ಗಡಿಯಾರದ ಮುಳ್ಳಿನಂತೆ, ಎಡಗಡೆ ಅದಕ್ಕೆ ಉಲ್ಟಾ. ಅಂದರೆ ಎರಡೂ ಕಡೆ ಟೇಪು ಮೇಲಿನಿಂದ ಹೊರಕ್ಕೆ ಹೋಗುತ್ತದೆ. ಪ್ರತಿ ಸುತ್ತು ಹಿಂದಿನ ಸುತ್ತಿನ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಮುಚ್ಚಲಿ. ಎಳೆತ ಒಂದೇ ಸಮ ಇರಲಿ.

ಇದೇ ದಿಕ್ಕಿನಲ್ಲಿ ಮುಂದುವರಿದರೆ ಹ್ಯಾಂಡಲ್ಲಿನ ಮೇಲಿನ ನೇರ ಭಾಗದಲ್ಲಿ ಟೇಪು ನಿಮ್ಮಿಂದ ಆಚೆಗೆ ಸುತ್ತುತ್ತದೆ. ಆದರೆ ಏರು ಹತ್ತುವಾಗ ನಮ್ಮ ಕೈ ಹ್ಯಾಂಡಲ್ಲನ್ನು ನಮ್ಮ ಕಡೆಗೆ ತಿರುಚಿ ಎಳೆಯುತ್ತದೆ. ಆ ತಿರುಚು ದಿನಾ ಸ್ವಲ್ಪ ಸ್ವಲ್ಪ ಚುಂಗನ್ನು ಸಡಿಲ ಮಾಡುತ್ತದೆ. ಅದಕ್ಕೆ ಬ್ರೇಕ್ ಲಿವರ್ ಹತ್ತಿರ ಕನ್ನಡದ ೪ರ ಹಾಗೆ ಅಡ್ಡ ಹಾಯಿಸಿ ದಿಕ್ಕು ಬದಲಿಸುವವರಿದ್ದಾರೆ. ಹಾಗೆ ಮಾಡಿದರೆ ಮೇಲಿನ ಭಾಗದಲ್ಲಿ ಟೇಪು ಮುಂದಿನಿಂದ ಮೇಲೆ ಬಂದು ನಿಮ್ಮ ಕಡೆ ಇಳಿಯುತ್ತದೆ, ನೀವು ಎಳೆದಷ್ಟೂ ಬಿಗಿಯಾಗುತ್ತದೆ. ನನಗೆ ಇದೇ ಇಷ್ಟ. ಮೊದಲ ಸಲ ಗೋಜಲಾಗುತ್ತದೆ. ಬಿಚ್ಚಿ ಮತ್ತೆ ಸುತ್ತಿ, ಟೇಪು ಬೇಜಾರು ಮಾಡಿಕೊಳ್ಳುವುದಿಲ್ಲ.

ಕೆಳಗಿನ ತುದಿ: ಪ್ಲಗ್

ಹೊರಗೆ ಬಿಟ್ಟ ಅರ್ಧ ಅಗಲವನ್ನು ಬೆರಳಿನಿಂದ ಒಳಗೆ ಮಡಚಿ, ಪ್ಲಗ್ಗನ್ನು ಅಂಗೈಯಿಂದ ಒತ್ತಿ ಕೂರಿಸಿ. ಸ್ಕ್ರೂ ಇರುವ ಪ್ಲಗ್ ಆದರೆ ಒಳಗೆ ಕೂತ ಮೇಲೆ ಅಲೆನ್ ಕೀಯಿಂದ ತಿರುಗಿಸಿ. ಒಳಗಿನ ರಬ್ಬರು ಹಿಗ್ಗಿ ಗಟ್ಟಿಯಾಗುತ್ತದೆ. ಸಾದಾ ಪ್ಲಗ್ ಸಡಿಲ ಇದ್ದರೆ ಅದರ ಸುತ್ತ ಇನ್ಸುಲೇಷನ್ ಟೇಪು ಒಂದೆರಡು ಸುತ್ತು ಹಾಕಿ ಮತ್ತೆ ಒತ್ತಿ. ನಮ್ಮ ರಿಂಗ್ ರೋಡಿನ ಗುಂಡಿಗಳಲ್ಲಿ ಎಷ್ಟೋ ಪ್ಲಗ್ಗುಗಳು ಬಿದ್ದು ಹೋಗಿವೆ. ಅವುಗಳಲ್ಲಿ ಎರಡು ನನ್ನವು.

ಪ್ಲಗ್ ಇಲ್ಲದೆ ಮಾತ್ರ ಓಡಿಸಬೇಡಿ. ಬಾಯಿ ತೆರೆದ ಕೊಳವೆ ಮೇಲೆ ಬಿದ್ದರೆ ತೊಡೆಯಲ್ಲೋ ಹೊಟ್ಟೆಯಲ್ಲೋ ದುಂಡಗೆ ಕೊರೆಯುತ್ತದೆ. ರೇಸುಗಳಲ್ಲಿ ಪ್ಲಗ್ ಇಲ್ಲದ ಸೈಕಲ್ಲನ್ನು ಸಾಲಿಗೇ ಬಿಡುವುದಿಲ್ಲ. ಪ್ಲಗ್ ಕಳೆದುಹೋಗಿ ಹೊಸದು ಸಿಗುವವರೆಗೆ ಬಾಟಲಿಯ ಬೂಚು ಕೆತ್ತಿ ತುರುಕಿದರೂ ನಡೆಯುತ್ತದೆ.

ಎಲ್ಲಿ ನಿಲ್ಲಿಸಬೇಕು

ಈಗ ಮೇಲಿನ ತುದಿ. ಈಗಿನ ಬಹುಪಾಲು ಹ್ಯಾಂಡಲ್ಲುಗಳು ಸ್ಟೆಮ್ ಹಿಡಿಯುವ ಜಾಗದಲ್ಲಿ 31.8 ಮಿ.ಮೀ. ದಪ್ಪ ಇರುತ್ತವೆ, ಕೈ ಹಿಡಿಯುವ ಜಾಗದಲ್ಲಿ ಸುಮಾರು 24. ಈ ದಪ್ಪ ಶುರುವಾಗುವ ಏರು ಇರುತ್ತದಲ್ಲ, ಅಲ್ಲಿ ಟೇಪು ನಿಲ್ಲಿಸುವುದು ರೂಢಿ. ನಾನು ಏರು ಮುಗಿದು ಒಂದು ಸೆಂಟಿಮೀಟರ್ ಮುಂದೆ ಹೋಗಿ ನಿಲ್ಲಿಸುತ್ತೇನೆ. ಇಳಿಜಾರಿನ ಮೇಲೆಯೇ ಮುಗಿಸಿದರೆ ಕಟ್ಟಿದ್ದೆಲ್ಲ ತೆಳು ಕಡೆಗೆ ಜಾರುತ್ತದೆ.

ಮೊದಲೇ ಲೈಟು, ಬೆಲ್ಲು, ಮೊಬೈಲ್ ಸ್ಟ್ಯಾಂಡು ಎಲ್ಲಿ ಬರುತ್ತವೆ ನೋಡಿ. ನಮ್ಮೂರಿನ ಗಿಜಿಗುಡುವ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋಗುವವರು ಬೆಲ್ಲಿಗೆ ಜಾಗ ಬಿಡದಿದ್ದರೆ ಆಮೇಲೆ ಬಾಯಲ್ಲೇ ಬೆಲ್ಲು ಹೊಡೆಯಬೇಕಾಗುತ್ತದೆ. ಸ್ಟೆಮ್ಮಿನಿಂದ ಸ್ಕೇಲು ಹಿಡಿದು ಎರಡೂ ಬದಿ ಒಂದೇ ಅಳತೆಗೆ ಹ್ಯಾಂಡಲ್ ಮೇಲೆ ಗುರುತು ಹಾಕಿ. ಕಣ್ಣಳತೆ ಬೇಡ. ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮೆ ಆದರೂ ಸೈಕಲ್ ಮೇಲೆ ಕೂತಾಗಲೆಲ್ಲ ಕಣ್ಣಿಗೆ ಚುಚ್ಚುತ್ತದೆ.

ಕತ್ತರಿಸುವುದು

ಎಲ್ಲರೂ ಎಡವುವುದು ಇಲ್ಲೇ. ಟೇಪು ಹ್ಯಾಂಡಲ್ಲನ್ನು ಓರೆಯಾಗಿ ಸುತ್ತಿಕೊಂಡು ಬರುತ್ತದೆ. ಅದನ್ನು ನೇರ ಅಡ್ಡ ಕತ್ತರಿಸಿದರೆ ಒಂದು ಕಡೆ ಮೂಲೆ ಎದ್ದು ನಿಲ್ಲುತ್ತದೆ, ಇನ್ನೊಂದು ಕಡೆ ಖಾಲಿ ಕಾಣುತ್ತದೆ. ಆ ಮೂಲೆಯನ್ನು ಅದುಮಲು ಇನ್ಸುಲೇಷನ್ ಟೇಪು ಸುತ್ತಿದಷ್ಟೂ ಗಡ್ಡೆ ಕಟ್ಟುತ್ತದೆ. ಗಡ್ಡೆ ಅಂದರೆ ಒಳಗೆ ಗಾಳಿ, ಗಾಳಿ ಅಂದರೆ ಸಡಿಲ. ಆದ್ದರಿಂದ ಓರೆಯಾಗಿಯೇ ಕತ್ತರಿಸಬೇಕು. ಎಷ್ಟು ಓರೆ? ಊಹೆ ಬೇಡ, ಟೇಪೇ ಹೇಳುತ್ತದೆ.

ಗುರುತು ದಾಟಿ ಇನ್ನೆರಡು ಸುತ್ತು ಹಾಗೇ ಸುತ್ತಿ. ಎಳೆತ ಬಿಡಬೇಡಿ. ಈಗ ಮಾರ್ಕರ್ ಹಿಡಿದು, ನೀವು ಹಾಕಿದ ಗುರುತಿನ ನೇರಕ್ಕೆ, ಟೇಪಿನ ಮೇಲೆ ಹ್ಯಾಂಡಲ್ಲಿನ ಸುತ್ತಲೂ ಒಂದು ಬಳೆಯ ಹಾಗೆ ಗೆರೆ ಎಳೆಯಿರಿ. ಆಮೇಲೆ ಆ ಎರಡು ಸುತ್ತು ಬಿಚ್ಚಿ ಟೇಪನ್ನು ಚಪ್ಪಟೆ ಹಿಡಿಯಿರಿ. ದುಂಡಗೆ ಎಳೆದ ಗೆರೆ ಈಗ ಉದ್ದನೆಯ ಓರೆ ಗೆರೆಯಾಗಿ ಕಾಣುತ್ತದೆ. ಒಳಗೆ ಮುಚ್ಚಿಹೋಗಿದ್ದ ಜಾಗದಲ್ಲಿ ಗೆರೆ ಬಿದ್ದಿರುವುದಿಲ್ಲ. ಸ್ಕೇಲಿಟ್ಟು ಅದೇ ನೇರಕ್ಕೆ ಎರಡೂ ಅಂಚು ಮುಟ್ಟುವಂತೆ ಗೆರೆ ಪೂರ್ತಿ ಮಾಡಿ. ಸ್ಟೆಮ್ ಕಡೆಯ ತುಂಡನ್ನು ಕತ್ತರಿಸಿ ಬಿಸಾಕಿ.

ಈ ಓರೆ ನೀವಂದುಕೊಂಡದ್ದಕ್ಕಿಂತ ಉದ್ದ ಇರುತ್ತದೆ. 31.8 ಮಿ.ಮೀ. ದಪ್ಪದ ಕೊಳವೆಯ ಸುತ್ತಳತೆ ಸರಿಸುಮಾರು 10 ಸೆಂ.ಮೀ. ಮೂರು ಸೆಂಟಿಮೀಟರ್ ಅಗಲದ ಟೇಪು ಸುತ್ತಿಗೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಮುಂದೆ ಹೋಗುತ್ತದೆ. ಹಾಗಾಗಿ ಪೂರ್ತಿ ಅಗಲ ಸವೆದು ಚೂಪಾಗಲು ಒಂದೂವರೆಯಿಂದ ಎರಡು ಸುತ್ತು, ಅಂದರೆ 15ರಿಂದ 20 ಸೆಂ.ಮೀ. ಬೇಕು. ನಾನು ಮೊದಲು ಐದು ಸೆಂಟಿಮೀಟರಿನಲ್ಲಿ ಓರೆ ಮುಗಿಸುತ್ತಿದ್ದೆ. ಗಡ್ಡೆ ಯಾಕೆ ಬರುತ್ತದೆ ಅಂತ ಎರಡು ವರ್ಷ ಗೊತ್ತಾಗಲಿಲ್ಲ.

ತುದಿಯನ್ನು ಸೂಜಿಯಷ್ಟು ಚೂಪು ಮಾಡಬೇಡಿ, ಹರಿಯುತ್ತದೆ. ಮೂರು ನಾಲ್ಕು ಮಿಲಿಮೀಟರ್ ಮೊಂಡು ಇರಲಿ. ಆ ತುದಿ ಹ್ಯಾಂಡಲ್ಲಿನ ಅಡಿಗೆ ಬಂದು ನಿಂತರೆ ಚೆಂದ, ಕಣ್ಣಿಗೂ ಕೈಗೂ ಸಿಗುವುದಿಲ್ಲ. ಹಾಗೆ ಬರದಿದ್ದರೆ ಸ್ವಲ್ಪ ಕತ್ತರಿಸಿ ಸರಿ ಮಾಡಿ.

ಭಯ ಆಗುತ್ತಿದೆಯಾ? ಮೊದಲು ಪೇಪರಿನಲ್ಲಿ ಮಾಡಿ ನೋಡಿ. ಹಳೆಯ ದಿನಪತ್ರಿಕೆಯನ್ನು ಮೂರು ಸೆಂಟಿಮೀಟರ್ ಅಗಲದ ಪಟ್ಟಿ ಮಾಡಿ ಲಟ್ಟಣಿಗೆ ಮೇಲೆ ಸುತ್ತಿ. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದೇ ಜಾಸ್ತಿ, ಲಟ್ಟಣಿಗೆ ಬಿಡುವಾಗಿಯೇ ಇರುತ್ತದೆ.

ಇನ್ಸುಲೇಷನ್ ಟೇಪು: ಎಷ್ಟು ನಂಬಬೇಕೋ ಅಷ್ಟೇ

ಕತ್ತರಿಸಿದ ಚುಂಗನ್ನು ಬಿಗಿಯಾಗಿ ಸುತ್ತಿ ಹೆಬ್ಬೆರಳಿನಿಂದ ಅದುಮಿ ಹಿಡಿಯಿರಿ. ಹ್ಯಾಂಡಲ್ ಟೇಪು ಸುತ್ತಿದ ದಿಕ್ಕಿಗೇ ಇನ್ಸುಲೇಷನ್ ಟೇಪನ್ನೂ ಸುತ್ತಿ. ಉಲ್ಟಾ ಸುತ್ತಿದರೆ ಎಳೆಯುವಾಗಲೇ ಚುಂಗು ಸಡಿಲಾಗುತ್ತದೆ. ಅರ್ಧ ಅಗಲ ಹ್ಯಾಂಡಲ್ ಟೇಪಿನ ಮೇಲೆ, ಅರ್ಧ ಬರಿಯ ಕೊಳವೆಯ ಮೇಲೆ ಕೂರಲಿ. ಮೊದಲ ಒಂದೂವರೆ ಸುತ್ತು ಚೆನ್ನಾಗಿ ಎಳೆದು ಸುತ್ತಿ. ಕೊನೆಯ ಅರ್ಧ ಸುತ್ತನ್ನು ಎಳೆಯದೆ ಸುಮ್ನೆ ಹಾಸಿ ಒತ್ತಿ.

ಯಾಕೆ ಅಂದರೆ, ಎಳೆದ ಇನ್ಸುಲೇಷನ್ ಟೇಪು ಮತ್ತೆ ತನ್ನ ಮೊದಲಿನ ಉದ್ದಕ್ಕೆ ಬರಲು ನೋಡುತ್ತದೆ. ಕೊನೆಯನ್ನೂ ಎಳೆದೇ ಅಂಟಿಸಿದರೆ ರಾತ್ರಿ ಬೆಳಗಾಗುವುದರೊಳಗೆ ತುದಿ ನಾಲಿಗೆ ಚಾಚುತ್ತದೆ. ಕೈಯಿಂದ ಜಗ್ಗಿ ಹರಿದರೂ ಅದೇ ಕಥೆ, ಹರಿದ ತುದಿ ಎಳೆದಿರುತ್ತದೆ. ಕತ್ತರಿಯಿಂದ ಕತ್ತರಿಸಿ. ತುದಿ ಅಡಿಯಲ್ಲಿ ಬರಲಿ.

ಚಳಿಗಾಲಕ್ಕೆ, ಮಳೆಗಾಲಕ್ಕೆ ಇಷ್ಟೇ ಸಾಕಾಗುತ್ತದೆ. ಮಾರ್ಚಿನಿಂದ ಜೂನಿನವರೆಗೆ ಸಾಲದು. ಆ ಟೇಪಿನ ಗೋಂದು ಬಿಸಿಗೆ ಮೆತ್ತಗಾಗುತ್ತದೆ. ಕರಿ ಹ್ಯಾಂಡಲ್ಲು, ಕರಿ ಟೇಪು, ಮೇಲೆ ಬಿಸಿಲು. ನಿಲ್ಲಿಸಿದ ಸೈಕಲ್ಲಿನ ಹ್ಯಾಂಡಲ್ ಮುಟ್ಟಿ ನೋಡಿ, ಗಾಳಿಗಿಂತ ಅದು ಎಷ್ಟು ಬಿಸಿ ಅಂತ ಗೊತ್ತಾಗುತ್ತದೆ. ಮೂರು ಸುತ್ತಿಗೆ ಬದಲು ಆರು ಸುತ್ತು ಹಾಕಿದರೆ ಗೋಂದು ಜಾಸ್ತಿಯಾಯಿತೇ ಹೊರತು ಹಿಡಿತ ಜಾಸ್ತಿಯಾಗಲಿಲ್ಲ. ನನ್ನ ಲೆಕ್ಕದಲ್ಲಿ ಇನ್ಸುಲೇಷನ್ ಟೇಪು ಬರೀ ಮೂರನೇ ಕೈ. ದಾರ ಕಟ್ಟುವವರೆಗೆ ಚುಂಗು ಹಿಡಿದುಕೊಂಡರೆ ಸಾಕು. ಎರಡು ಸುತ್ತು, ಅಷ್ಟೇ.

ಐದು ನಿಮಿಷದಲ್ಲಿ ಒಣಗುವ ಅಂಟು ಹಾಕಿಬಿಡೋಣ ಅನ್ನಿಸಬಹುದು. ಬೇಡ. ಸ್ಪಂಜಿನಂಥ ಟೇಪು ಅಲ್ಲಿ ಕಲ್ಲಾಗುತ್ತದೆ, ಮುಂದಿನ ಸಲ ತೆಗೆಯುವಾಗ ಕಣ್ಣೀರು.

ದಾರ ಕಟ್ಟುವುದು

ಕೊಳಲಿನ ಮೇಲೆ ಅಲ್ಲಲ್ಲಿ ದಾರ ಬಿಗಿದಿರುತ್ತಾರಲ್ಲ, ಗಂಟೇ ಕಾಣದ ಹಾಗೆ? ಬಾರುಕೋಲಿನ ಹಿಡಿಯ ಮೇಲೂ ನೋಡಿರಬಹುದು. ಅದೇ ಕಟ್ಟು ಇದು. ಸುತ್ತುಗಳೇ ತಮ್ಮ ತುದಿಯನ್ನು ಅದುಮಿ ಹಿಡಿಯುತ್ತವೆ. ಗೋಂದಿನ ಕೆಲಸವೇ ಇಲ್ಲ.

ಎರಡು ಮೀಟರ್ ದಾರ ತೊಗೊಳ್ಳಿ. ಒಂದು ತುದಿಯಲ್ಲಿ ಬೆರಳುದ್ದದ ಕುಣಿಕೆ ಮಾಡಿ, ಗಂಟು ಹಾಕಬೇಡಿ, ಸುಮ್ನೆ ಮಡಚಿ. ಆ ಮಡಿಕೆಯನ್ನು ಹ್ಯಾಂಡಲ್ಲಿನ ಅಡಿಯಲ್ಲಿ, ಉದ್ದಕ್ಕೆ ಇಡಿ. ಕುಣಿಕೆಯ ತಲೆ ಸ್ಟೆಮ್ ಕಡೆ, ದಾರದ ಗಿಡ್ಡ ತುದಿ ಬ್ರೇಕ್ ಲಿವರ್ ಕಡೆ. ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ.

ಈಗ ಉದ್ದ ತುದಿಯಿಂದ ಸುತ್ತಲು ಶುರು ಮಾಡಿ. ಹ್ಯಾಂಡಲ್ ಟೇಪಿನ ಅಂಚಿನಿಂದ ಸುಮಾರು ಎರಡು ಸೆಂಟಿಮೀಟರ್ ಒಳಗೆ ಆರಂಭ, ಸ್ಟೆಮ್ ಕಡೆಗೆ ಪ್ರಯಾಣ. ದಿಕ್ಕು ಮತ್ತೆ ಟೇಪು ಸುತ್ತಿದ ದಿಕ್ಕೇ. ಕುಣಿಕೆಯ ಮೇಲೇ ಸುತ್ತುತ್ತಾ ಹೋಗಿ, ತಲೆ ಮಾತ್ರ ಹೊರಗೆ ಉಳಿಯಲಿ. ಒಂದು ಸುತ್ತಿಗೆ ಒಂದು ಸುತ್ತು ಅಂಟಿಕೊಂಡಿರಲಿ, ನಡುವೆ ಸಂದು ಬೇಡ, ಒಂದರ ಮೇಲೊಂದು ಹತ್ತುವುದೂ ಬೇಡ. ದಾರ ಟೇಪಿನೊಳಗೆ ಸ್ವಲ್ಪ ಹೂತುಕೊಳ್ಳುವಷ್ಟು ಬಿಗಿ ಬೇಕು. ಸುಮಾರು 15 ಸುತ್ತು ಹಾಕಿದರೆ ಒಂದೂವರೆ ಸೆಂಟಿಮೀಟರ್ ಅಗಲದ ಪಟ್ಟಿ ಆಗುತ್ತದೆ. ಅಂಚಿಗೆ ಎರಡು ಮೂರು ಮಿಲಿಮೀಟರ್ ಇರುವಾಗ ನಿಲ್ಲಿಸಿ. ಅಂಚು ದಾಟಿ ಬರಿಯ ಕೊಳವೆಗೆ ಇಳಿದರೆ ಕೊನೆಯ ಸುತ್ತುಗಳು ಕೆಳಗೆ ಬಿದ್ದು ಎಲ್ಲ ಸಡಿಲಾಗುತ್ತದೆ.

ಉಳಿದ ಉದ್ದ ತುದಿಯನ್ನು ಕುಣಿಕೆಯ ತಲೆಯೊಳಗೆ ತೂರಿಸಿ. ಇನ್ನೊಂದು ಕಡೆ ಹೊರಗಿರುವ ಗಿಡ್ಡ ತುದಿಯನ್ನು ಪಕ್ಕಡಿನಿಂದ ಹಿಡಿದು ನಿಧಾನವಾಗಿ ಎಳೆಯಿರಿ. ಕುಣಿಕೆ ಸುತ್ತುಗಳ ಕೆಳಗೆ ಹೋಗುತ್ತದೆ, ಜೊತೆಗೆ ಉದ್ದ ತುದಿಯನ್ನೂ ಎಳೆದುಕೊಂಡು ಹೋಗುತ್ತದೆ. ಅರ್ಧ ದಾರಿಗೆ ನಿಲ್ಲಿಸಿ. ಪೂರ್ತಿ ಎಳೆದರೆ ಈ ಕಡೆಯಿಂದ ಹೊರಗೆ ಬಂದು ಎಲ್ಲ ಮೊದಲಿನಿಂದ. ನಾನು ಮೊದಲ ಸಲ ಎಳೆದೆ, ಹೊರಗೆ ಬಂತು. ಎರಡನೇ ಸಲವೂ. ಕೈಗೆ ಅಂದಾಜು ಸಿಗುವುದು ಮೂರನೇ ಸಲಕ್ಕೆ.

ಎರಡೂ ತುದಿಗಳನ್ನು ಸುತ್ತುಗಳ ಬುಡಕ್ಕೆ ಕತ್ತರಿಸಿ. ಬೇಕಾದರೆ ಮೇಲೆ ಒಂದು ಪದರ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ. ಹತ್ತಿ ದಾರ ಬಳಸಿದ್ದರೆ ಬಡಿಗರು ಮರಕ್ಕೆ ಹಚ್ಚುವ ಫ್ರೆಂಚ್ ಪಾಲಿಶ್ ಇನ್ನೂ ಚೆನ್ನ. ಅದು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ದಾರಕ್ಕೆ ಜೇನಿನ ಬಣ್ಣ ಬರುತ್ತದೆ, ಬೆವರು ಇಳಿಯುವುದಿಲ್ಲ. ಮೇಣದ ನೈಲಾನಿಗೆ ಇದು ಅಷ್ಟಾಗಿ ಹಿಡಿಯುವುದಿಲ್ಲ.

ಹೋದ ತಿಂಗಳು ಅದೇ ಚಹಾ ಅಂಗಡಿ ಮುಂದೆ ನಿಂತಿದ್ದೆ. ಕಾಕಾ ಬಂದು ಹ್ಯಾಂಡಲ್ ನೋಡಿದರು. ಉಗುರಿನಿಂದ ಕೆರೆದರು, ಕೆಳಗೆ ಬಾಗಿ ನೋಡಿದರು. "ಗಂಟ ಎಲ್ಲದರೀ?" ಅಂದರು. ಒಳಗಿದೆ ಕಾಕಾ ಅಂದೆ. ನಂಬಲಿಲ್ಲ.

ದಾರ ಬೇಡ ಅನ್ನುವವರಿಗೆ

ನೀರಿನ ಪೈಪು ಸೋರಿದಾಗ ಸುತ್ತುವ ಸಿಲಿಕೋನ್ ಟೇಪು ಸಿಗುತ್ತದೆ. ಅದರಲ್ಲಿ ಗೋಂದೇ ಇಲ್ಲ. ಎಳೆದು ತನ್ನ ಮೇಲೇ ಸುತ್ತಿದರೆ ತನಗೆ ತಾನೇ ಬೆಸೆದುಕೊಳ್ಳುತ್ತದೆ. ನಮ್ಮ ಬೇಸಿಗೆ ಅದಕ್ಕೆ ಲೆಕ್ಕಕ್ಕಿಲ್ಲ. ಎರಡರಷ್ಟು ಉದ್ದಕ್ಕೆ ಎಳೆದು ಮೂರು ಸುತ್ತು ಹಾಕಿ. ಧೂಳು ಬಿದ್ದರೆ ಬೆಸೆಯುವುದಿಲ್ಲ, ಕೈ ತೊಳೆದು ಮನೆಯೊಳಗೆ ಕೂತು ಮಾಡಿ. ತೆಗೆಯುವಾಗ ಸುರುಳಿ ಬಿಚ್ಚುವುದಿಲ್ಲ, ತುದಿ ಎತ್ತಿ ಕತ್ತರಿಸಿಯೇ ತೆಗೆಯಬೇಕು.

ಇನ್ನೊಂದು ಹಳೆಯ ದಾರಿ, ಮೇಲಿನಿಂದ ಶುರು ಮಾಡಿ ಕೆಳಗೆ ಪ್ಲಗ್ಗಿನಲ್ಲಿ ಮುಗಿಸುವುದು. ಚುಂಗು ಪ್ಲಗ್ಗಿನೊಳಗೇ ಸಿಕ್ಕಿಕೊಳ್ಳುತ್ತದೆ, ಕಟ್ಟುವ ತಲೆನೋವಿಲ್ಲ. ಆದರೆ ಆಗ ಪ್ರತಿ ಸುತ್ತಿನ ಅಂಚು ಮೇಲ್ಮುಖವಾಗುತ್ತದೆ. ಕೈ ಮೇಲಿನಿಂದ ಕೆಳಗೆ ಜಾರಿದಾಗಲೆಲ್ಲ ಆ ಅಂಚು ಕೀಳುತ್ತದೆ, ದಪ್ಪ ಟೇಪಾದರೆ ತಿಂಗಳೊಳಗೆ ಸುರುಳಿ ಎದ್ದು ನಿಲ್ಲುತ್ತದೆ. ತೆಳುವಾದ ಹತ್ತಿ ಬಟ್ಟೆಯ ಟೇಪಿಗೆ ನಡೆಯುತ್ತದೆ. ಉಳಿದದ್ದಕ್ಕೆ ನಾನು ಬೇಡ ಅನ್ನುತ್ತೇನೆ.

ಬಿಸಿಲಿಗೆ ಇಟ್ಟು ನೋಡಿ

ಕೆಲಸ ಮುಗಿದ ಮರುದಿನ ಸೈಕಲ್ಲನ್ನು ಅಂಗಳದಲ್ಲಿ ಮಧ್ಯಾಹ್ನ ಎರಡು ತಾಸು ನಿಲ್ಲಿಸಿ. ಶಹಾಬಾದ್ ಕಲ್ಲು ಹಾಸಿದ ಅಂಗಳವಾದರೆ ಕೆಳಗಿನ ಕಾವೂ ಸೇರಿ ಪರೀಕ್ಷೆ ಚೆನ್ನಾಗಿಯೇ ಆಗುತ್ತದೆ. ಆಮೇಲೆ ಹ್ಯಾಂಡಲ್ಲಿನ ಮೇಲಿನ ಭಾಗವನ್ನು ಎರಡೂ ಕೈಯಿಂದ ಹಿಡಿದು, ಒದ್ದೆ ಬಟ್ಟೆ ಹಿಂಡುವ ಹಾಗೆ ನಿಮ್ಮ ಕಡೆಗೆ ತಿರುಚಿ. ಟೇಪು ತಿರುಗಿದರೆ ಸುತ್ತಿನ ಎಳೆತ ಸಾಲಲಿಲ್ಲ, ಕೊನೆ ಎಷ್ಟು ಗಟ್ಟಿ ಕಟ್ಟಿದರೂ ಪ್ರಯೋಜನವಿಲ್ಲ, ಬಿಚ್ಚಿ ಸುತ್ತಬೇಕು. ಟೇಪು ನಿಂತು ದಾರದ ಪಟ್ಟಿ ಮಾತ್ರ ಸರಿದರೆ ದಾರ ಒಂದನ್ನೇ ಮತ್ತೆ ಕಟ್ಟಿ.

ಮೊದಲ ಉದ್ದನೆಯ ಸವಾರಿ ಆದ ಮೇಲೆ ಪ್ಲಗ್ಗುಗಳನ್ನು ಇನ್ನೊಮ್ಮೆ ಒತ್ತಿ ನೋಡಿ. ಸೀಟಿನ ಕೆಳಗಿನ ಚೀಲದಲ್ಲಿ, ಪಂಕ್ಚರ್ ಸಾಮಾನಿನ ಜೊತೆ, ಎರಡು ಮೀಟರ್ ದಾರ ಸುತ್ತಿಡಿ. ಹ್ಯಾಂಡಲ್ಲಿಗೆ ಬೇಕಾಗದಿದ್ದರೂ ಹರಿದ ಶೂ ಲೇಸಿಗೆ ಬೇಕಾಗುತ್ತದೆ.